ಹಾಲಿನಲ್ಲಿ ಅದ್ದಿದ ಕೈ

ಗಾಜಿನಮನೆಯ ಹೊರಬಾಗಿಲ ಪಕ್ಕ, ಕಬ್ಬಿಣದ ಮುಕ್ಕಾಲಿಯ ಮೇಲೆ, ದಿನವೂ ಇರುವ ಹಾಗೆ ಹಾಲಿನ ಬೋಗುಣಿ ಇತ್ತು. ಅವಳು ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿ ಎರಡೂ ಕೈಗಳನ್ನು ಅದರೊಳಗೆ ಇಳಿಸಿದಳು. ಪುಡಿ ಕಲಸಿ ಮಾಡಿದ ತೆಳ್ಳನೆಯ ಹಾಲು. ಬೆರಳುಗಳು ಮೊದಲು ಮಸುಕಾಗಿ ಆಮೇಲೆ ಕಾಣದೇ ಹೋದವು. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ಈಚೆಗೆ ಅವಳ ಕೈಗಳಿಗೆ ಹಾಗಾಗಿಬಿಟ್ಟಿತ್ತು. ಮನೆಯಲ್ಲಿ ಒಲೆಯಿಂದ ಇಳಿಸಿದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಮೇಜಿಗೆ ತಂದಿಟ್ಟ ದಿನ ಅಮ್ಮ ಹೌಹಾರಿದ್ದಳು. ಸಂಜೆಗೆ ಬೊಬ್ಬೆ ಎದ್ದಾಗಲೂ ಅವಳಿಗೆ ಅದು ಪಕ್ಕದ ಮನೆಯವರ ಕೈಯಂತೆ ಕಂಡಿತ್ತು. ಹಾಲಿನಿಂದ ಕೈ ತೆಗೆದು, ನೀರಿನಲ್ಲಿ ಜಾಲಾಡಿಸಿ, ಕಾಗದದಿಂದ ಒರೆಸಿಕೊಂಡಳು. ಬೇರೆಯವರಿಗೆ ಹೇಳಿಕೊಟ್ಟ ಕ್ರಮವೇ. ಟೊಮೆಟೊ ಗಿಡ ಮುಟ್ಟುವ ಮುಂಚೆ ಎಲ್ಲರೂ ಹಾಲಿನಲ್ಲಿ ಕೈ ಅದ್ದಲೇಬೇಕು, ಯಾಕೆಂದರೆ ಬೀಡಿ ಸಿಗರೇಟಿನ ಒಣ ಹೊಗೆಸೊಪ್ಪಿನಲ್ಲಿ ಒಂದು ವೈರಸ್ ವರ್ಷಗಟ್ಟಲೆ ಸಾಯದೆ ಕೂತಿರುತ್ತದೆ. ಸೇದಿದವರ ಬೆರಳಿನಿಂದ ಎಲೆಗೆ ಹತ್ತಿದರೆ ಎಲೆಯ ತುಂಬ ಹಸಿರು ಹಳದಿ ತೇಪೆ, ಮುರುಟಿದ ಕುಡಿ, ಆಮೇಲೆ ಗಾಜಿನಮನೆಯೇ ಖಾಲಿ. ಹಾಲಿನ ಸತ್ವ ಆ ವೈರಸ್ಸಿನ ಮೈಗೆ ಅಂಟಿ ಅದನ್ನು ಕಟ್ಟಿಹಾಕುತ್ತದೆ. ಬೋಗುಣಿಯ ಬಳಿ ಕಾವಲಿನವಳಂತೆ ನಿಂತು ಒಬ್ಬೊಬ್ಬರ ಉಗುರು ಸಂದಿಯನ್ನೂ ನೋಡಿ ಒಳಗೆ ಬಿಡುತ್ತಿದ್ದುದರಿಂದ ಅವಳಿಗೆ ಹಾಲಿನಕ್ಕ ಎಂಬ ಹೆಸರು ಬಿದ್ದಿತ್ತು. ಎದುರಿಗೇ ಹಾಗೆ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ ಇದ್ದ ಕಾಲವೊಂದಿತ್ತು.

ಇವತ್ತು ಎಲ್ಲರಿಗಿಂತ ಮುಂಚೆ ಬಂದಿದ್ದಳು. ಕಟ್ಟಡದೊಳಗಿನ ಓಣಿಯ ನಡುವೆ ಎರಡು ಕೋಣೆಗಳು ಎದುರುಬದುರು: ಒಂದು ತಣ್ಣನೆಯ ಕೋಣೆ, ಇನ್ನೊಂದು ಬೀಜ ಮೊಳೆಯಿಸುವ ಬೆಚ್ಚನೆಯ ಕೋಣೆ. ಬೆಚ್ಚನೆಯ ಕೋಣೆಯ ಬಾಗಿಲು ತೆಗೆದಾಗ ಒದ್ದೆ ಬಟ್ಟೆಯಂಥ ಗಾಳಿ ಮುಖಕ್ಕೆ ಬಂತು. ಮೂಲೆಯ ಹಲಗೆಯ ಮೇಲೆ, ಬೀಜದ ತಟ್ಟೆಗಳ ಹಿಂದೆ, ಅವಳೇ ಬಚ್ಚಿಟ್ಟ ಟ್ರೇ. ಅದರಲ್ಲಿ ಪುಟ್ಟ ಕುಂಡಗಳು. ಪ್ರತಿ ಕುಂಡದಲ್ಲಿ ಒಂದೊಂದು ಹೊಗೆಸೊಪ್ಪಿನ ಗಿಡ, ಪ್ರತಿ ಗಿಡದ ಬುಡದಲ್ಲಿ ಇಲ್ಲಿ ಕೆಲಸ ಮಾಡುವ ಒಬ್ಬೊಬ್ಬರ ಹೆಸರು ಬರೆದ ಕಡ್ಡಿ. ಎಲೆಗಳು ಅಗಲವಾಗಿ, ಹಸಿರಾಗಿ, ಒಂದು ಚುಕ್ಕೆಯೂ ಇಲ್ಲದೆ ಇದ್ದವು. ತನ್ನ ಹೆಸರಿನ ಕುಂಡದ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಇಲ್ಲ. ಶಾಲೆಯಲ್ಲಿ ತಪ್ಪು ಮಾಡಿಯೂ ಪೆಟ್ಟು ತಿನ್ನದೆ ಮನೆಗೆ ಬಂದ ಮಗುವಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದಾದರೂ ಆಗಬೇಕಿತ್ತು. ಅದೂ ಆಗಲಿಲ್ಲ. ಟ್ರೇಯನ್ನು ಎತ್ತಿಕೊಂಡು ಓಣಿ ದಾಟಿ ತಣ್ಣನೆಯ ಕೋಣೆಗೆ ತಂದು, ಅಲ್ಲಿ ಒಂಟಿಯಾಗಿ ನಿಂತಿದ್ದ ಇನ್ನೊಂದು ಕುಂಡದ ಪಕ್ಕ ಇಟ್ಟಳು. ಉಳಿದವಕ್ಕೆ ಅವರವರ ಕೈ ತೊಳೆದ ನೀರು ಹಚ್ಚಿದ್ದರೆ, ಆ ಒಂಟಿ ಗಿಡಕ್ಕೆ ರೋಗದ ಗಿಡದ ರಸವನ್ನೇ ಬೇಕೆಂದು ಹಚ್ಚಿದ್ದು, ಹೋಲಿಸಿ ನೋಡುವುದಕ್ಕೆ. ಅದರ ಎಲೆಗಳ ಮೇಲೆ ಕಿಡಿ ಹಾರಿ ಸುಟ್ಟಂಥ ಕಂದು ಚುಕ್ಕೆಗಳು ಎದ್ದು ಕಾಣುತ್ತಿದ್ದವು. ಪರೀಕ್ಷೆ ಸರಿಯಾಗಿಯೇ ನಡೆದಿದೆ ಎಂಬುದಕ್ಕೆ ಸಾಕ್ಷಿ. ಕೆಲವು ದಿನದ ಹಿಂದೆ ಉಳಿದ ಕುಂಡಗಳನ್ನೆಲ್ಲ ಬೆಚ್ಚನೆಯ ಕೋಣೆಗೆ ಸಾಗಿಸುವಾಗ ಈ ಒಂದನ್ನು ಮಾತ್ರ ಇಲ್ಲೇ ಬಿಟ್ಟುಹೋಗಿದ್ದಳು. ಅಷ್ಟು ಹೊತ್ತೂ ಮನಸ್ಸು ಎಲ್ಲೋ ಇತ್ತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಮನಸ್ಸು ಎಲ್ಲೋ ಇದ್ದರೂ ಕೈಗೆ ಅಷ್ಟು ಬುದ್ಧಿ ಇತ್ತು.

ಈ ಗಿಡದ ಸ್ವಭಾವ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಇದಕ್ಕೆ ಓಡಿಹೋಗಲು ಕಾಲಿಲ್ಲ, ಹೊಡೆದಾಡಲು ಕೈಯಿಲ್ಲ. ವೈರಸ್ ಎಲೆಯ ಒಂದು ಜೀವಕಣದೊಳಗೆ ಹೊಕ್ಕಿತೆಂದು ಗೊತ್ತಾದ ಕೂಡಲೆ ಆ ಕಣವೂ ಅದರ ಸುತ್ತಲಿನವೂ ತಾವಾಗಿ ಸತ್ತುಬಿಡುತ್ತವೆ. ಸತ್ತ ಕಣಗಳ ಒಣ ಬೇಲಿಯೊಳಗೆ ಬಂದವನು ಸಿಕ್ಕಿಬೀಳುತ್ತಾನೆ. ನೋಡುವವರಿಗೆ ಕಾಣುವುದು ಒಂದು ಚುಕ್ಕೆ, ಅಷ್ಟೇ. ಹೊಸದಾಗಿ ಕೆಲಸಕ್ಕೆ ಸೇರಿದವರು ಚುಕ್ಕೆಯ ಗಿಡವನ್ನು ಕಂಡು ಅಯ್ಯೋ ಪಾಪ ಅನ್ನುತ್ತಾರೆ. ಇಲ್ಲಮ್ಮ, ಇದು ಬದುಕಿಕೊಂಡ ಗಿಡ ಎಂದು ಅವಳೇ ತಿದ್ದುತ್ತಿದ್ದಳು. ಆದರೆ ಬೆಚ್ಚಗೆ ಇಟ್ಟರೆ ಈ ಗಿಡಕ್ಕೆ ಮಂಕು ಕವಿಯುತ್ತದೆ. ಒಳಗೆ ಬಂದವನ ಗುರುತೇ ಹತ್ತುವುದಿಲ್ಲ. ಚುಕ್ಕೆ ಏಳುವುದಿಲ್ಲ, ಕಣ ಸಾಯುವುದಿಲ್ಲ, ಎಲೆ ಹಸಿರಾಗಿಯೇ ಇರುತ್ತದೆ. ವೈರಸ್ ಮಾತ್ರ ಸದ್ದಿಲ್ಲದೆ ಎಲೆಯಿಂದ ತೊಟ್ಟಿಗೆ, ತೊಟ್ಟಿನಿಂದ ಕಾಂಡಕ್ಕೆ, ಬೇರಿಗೆ ಹರಡಿಕೊಳ್ಳುತ್ತದೆ. ಅಂಥ ಗಿಡವನ್ನು ಮತ್ತೆ ತಣ್ಣನೆಯ ಕೋಣೆಗೆ ತಂದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಗಿಡಕ್ಕೆ ಒಮ್ಮೆಲೇ ಎಚ್ಚರವಾಗುತ್ತದೆ, ಆಗ ಎಲ್ಲೆಲ್ಲಿ ನೋಡಿದರೂ ಅವನೇ. ಆದರೆ ಅದಕ್ಕೆ ಒಂದು ರಾತ್ರಿಯಾದರೂ ಬೇಕು. ಮುಖ್ಯಸ್ಥರು ಬೆಳಿಗ್ಗೆ ನೋಡಿ ಹೋದಮೇಲೆ ಸಂಜೆಯೊಳಗೆ ಕುಂಡಗಳನ್ನೆಲ್ಲ ಸುಡುವ ಗೂಡಿಗೆ ಹಾಕಿದರಾಯಿತು.

ಪರೀಕ್ಷೆ ಬೇಕೆಂದು ಕೇಳಿದವನು ಹೊಗೆಬಂಡಿ. ಗಾಜಿನಮನೆಯ ಕಾವಲು, ನೀರು, ಬೀಗದಕೈ ಎಲ್ಲ ಅವನದೇ. ಒಂದು ಕಾಲದಲ್ಲಿ ಒಂದು ಬೀಡಿಯ ಬೆಂಕಿಯಿಂದ ಇನ್ನೊಂದು ಹಚ್ಚುತ್ತಿದ್ದನಂತೆ. ಮೊಮ್ಮಗಳು ಹುಟ್ಟಿದ ದಿನ ಬಿಟ್ಟ, ಹೆಸರು ಮಾತ್ರ ಅವನನ್ನು ಬಿಡಲಿಲ್ಲ. "ರೈಲು ನಿಂತುಹೋದ್ರೂ ಸ್ಟೇಷನ್ ಅನ್ನೋ ಹೆಸರು ಹೋಗಲ್ಲ ನೋಡಿ" ಎಂದು ತಾನೇ ನಗುತ್ತಿದ್ದ. ಟೊಮೆಟೊ ಗಿಡಗಳಿಗೆ ರೋಗ ಬಂದು, ಸಂಶೋಧನೆಯ ಹುಡುಗಿ ತನ್ನ ಓದಿನ ದುಡಿಮೆಯೆಲ್ಲ ಮಣ್ಣುಪಾಲಾಯಿತೆಂದು ಓಣಿಯಲ್ಲಿ ಕೂತು ಬಿಕ್ಕಿದ ದಿನ ಎಲ್ಲರ ಕಣ್ಣೂ ಅವನತ್ತ ತಿರುಗಿತ್ತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವನೇ ಮುಖ್ಯಸ್ಥರ ಮುಂದೆ ನಿಂತು ಹೇಳಿದ್ದ:

"ಸರ್, ಎಲ್ಲರ ಮನಸ್ಸಲ್ಲೂ ಏನಿದೆ ಅಂತ ನಂಗೊತ್ತು. ಕೆಲಸ ಮಾಡ್ತಾ ಇದ್ದ ಹಾಗೇ ಎಲ್ಲರ ಕೈ ತೊಳೆಸಿ, ಆ ನೀರು ಗಿಡಕ್ಕೆ ಹಚ್ಚಿ ನೋಡಿ. ನಂದೂ ಹಚ್ಚಿ, ನಿಮ್ಮದೂ ಹಚ್ಚಿ. ಹಾಲಿನಕ್ಕನೇ ನೋಡಲಿ. ಅವರ ಕಣ್ಣು ತಪ್ಪಿಸಿ ಈ ಬಾಗಿಲಲ್ಲಿ ಇರುವೆನೂ ಒಳಗೆ ಹೋಗಲ್ಲ."

ಆಗ ಅವಳ ಬಲಗೈ ಏಪ್ರನ್ನಿನ ಜೇಬಿನಲ್ಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದುಂಟು; ಅವಳು ಮುಟ್ಟಿನೋಡಿಕೊಳ್ಳಬೇಕಾಗಿಯೂ ಇರಲಿಲ್ಲ, ಕೈ ಅಲ್ಲೇ ಇತ್ತು. ಜೇಬಿನಲ್ಲಿ ಹೆಸರು ಬರೆಯುವ ಪೆನ್ಸಿಲ್ಲು, ಅದರ ಪಕ್ಕದಲ್ಲಿ ಒಂದು ಸಿಗರೇಟು. ಹಚ್ಚದ ಸಿಗರೇಟು. ಅದರ ಬಾಯಿಯಿಂದ ಉದುರಿದ ಹೊಗೆಸೊಪ್ಪಿನ ಪುಡಿ ಜೇಬಿನ ಹೊಲಿಗೆಯ ತುಂಬ. ಹಾಲಿನಲ್ಲಿ ಕೈ ತೊಳೆದು, ನೀರಿನಲ್ಲಿ ಜಾಲಾಡಿಸಿ, ಕಾಗದದಿಂದ ಒರೆಸಿ, ಆಮೇಲೆ ಇಷ್ಟು ದಿನವೂ ಆ ಜೇಬಿನೊಳಗೆ ಕೈ ಹಾಕಿ ಪೆನ್ಸಿಲ್ಲು ತೆಗೆದುಕೊಂಡು ಗಿಡದಿಂದ ಗಿಡಕ್ಕೆ, ಕುಡಿಯಿಂದ ಕುಡಿಗೆ ಹೋಗಿದ್ದವಳು ತಾನು. ಅದು ಆ ಗಳಿಗೆಯಲ್ಲಿ ಗೊತ್ತಾಯಿತೇ, ಮುಂಚೆಯೇ ಗೊತ್ತಿತ್ತೇ? ಇಂಥ ಪ್ರಶ್ನೆಗಳಿಗೆ ಅವಳಲ್ಲಿ ಮೊದಲು ಉತ್ತರ ಇರುತ್ತಿತ್ತು. "ಆಗಲಿ ಸರ್" ಎಂದಿದ್ದಳು. ತನ್ನ ದನಿ ಎಂದಿನಂತೆಯೇ ಕೇಳಿಸಿದ್ದು ಅವಳಿಗೇ ಸೋಜಿಗವಾಗಿತ್ತು. ಒಬ್ಬೊಬ್ಬರೂ ಬಟ್ಟಲಿನ ನೀರಿನಲ್ಲಿ ಬೆರಳು ಉಜ್ಜಿಕೊಟ್ಟರು. ಅವಳು ಎಲೆಗಳ ಮೇಲೆ ಹಿಟ್ಟಿನಂಥ ಉಜ್ಜುಪುಡಿ ಉದುರಿಸಿ, ಬಟ್ಟೆಯ ಚೂರನ್ನು ಆ ನೀರಿನಲ್ಲಿ ಅದ್ದಿ, ಮಗುವಿನ ಕೆನ್ನೆ ಒರೆಸುವಷ್ಟು ಹಗುರಾಗಿ ಸವರಿದಳು. ಎಲೆಯ ಮೇಲಿನ ನವಿರು ಕೂದಲು ಮುರಿದರೆ ಸಾಕು. ವೈರಸ್ ಒಳಗೆ ಹೋಗಲು ಅಷ್ಟು ಗಾಯ ಬೇಕು, ಅದಕ್ಕಿಂತ ಹೆಚ್ಚು ಬೇಡ.

ಇವತ್ತು ಎಲೆ ನೋಡಲು ಮುಖ್ಯಸ್ಥರು ಬಂದರು, ಕನ್ನಡಕ ಒರೆಸುತ್ತ. ಹಿಂದೆ ಸಂಶೋಧನೆಯ ಹುಡುಗಿ, ಬಾಗಿಲ ಬಳಿ ಹೊಗೆಬಂಡಿ. ತಣ್ಣನೆಯ ಕೋಣೆಯಲ್ಲಿ ನಾಲ್ವರು ನಿಂತರೆ ಮೊಣಕೈಗೆ ಮೊಣಕೈ ತಾಗುತ್ತದೆ. ಮುಖ್ಯಸ್ಥರು ಒಂದೊಂದೇ ಎಲೆಯನ್ನು ಎತ್ತಿ ನೋಡಿದರು. ಚುಕ್ಕೆಯ ಗಿಡವನ್ನು ನೋಡಿ ತಲೆಯಾಡಿಸಿದರು. ಮತ್ತೆ ಉಳಿದವನ್ನು ನೋಡಿದರು.

"ಯಾರ ಕೈಯಲ್ಲೂ ಇಲ್ಲ" ಎಂದರು.

"ಇಲ್ಲ ಸರ್" ಎಂದಳು ಅವಳು.

"ನೋಡಿದ್ರಾ!" ಹೊಗೆಬಂಡಿಯ ಮುಖ ಅರಳಿತು. "ನಾನು ಮೊದಲೇ ಹೇಳಿಲ್ವಾ? ಹಾಲಿನಕ್ಕ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು."

ಮುಖ್ಯಸ್ಥರು ನಗಲಿಲ್ಲ. ಮೆಲುದನಿಯ ಮನುಷ್ಯ; ಕೆಟ್ಟ ಮಾತನ್ನೂ ಔಷಧಿ ಕುಡಿಸುವವರಂತೆ ಹೇಳುತ್ತಿದ್ದರು. "ಅದೇ ನನ್ನ ಯೋಚನೆ. ಯಾರ ಕೈಯಲ್ಲೂ ಇಲ್ಲ, ಆದರೆ ರೋಗ ಬಂದಿದೆ. ಗಾಳೀಲಿ ಬರೋ ರೋಗ ಅಲ್ಲ ಇದು. ಅಂದ್ರೆ ಪರೀಕ್ಷೆ ದಿನ ಯಾರೋ ಹುಷಾರಾಗಿದ್ರು. ಪರೀಕ್ಷೆ ಆಗುತ್ತೆ ಅಂತ ಮುಂಚೆ ಗೊತ್ತಿದ್ದವರು."

ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಹೊಗೆಬಂಡಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅವನ ನಗು ಮುಖದ ಮೇಲೆಯೇ ಉಳಿದಿತ್ತು, ಹೊರಟುಹೋದ ಅತಿಥಿಯ ಲೋಟದ ಹಾಗೆ.

"ಸರ್, ಪರೀಕ್ಷೆ ಮಾಡಿ ಅಂತ ಕೇಳಿದವನೇ ನಾನು."

"ಅದಕ್ಕೇ ಹೇಳ್ತಿರೋದು."

"ಬೇಲೀನೇ ಎದ್ದು ಹೊಲ ಮೇಯ್ತು ಅಂತೀರಾ?"

"ನಾನು ಹಾಗಂದಿಲ್ಲ." ಮುಖ್ಯಸ್ಥರು ಕನ್ನಡಕ ಹಾಕಿಕೊಂಡರು. "ಮೇಲಿನವರಿಗೆ ನಾನು ಏನಾದ್ರೂ ಉತ್ತರ ಕೊಡಬೇಕಲ್ಲ. ನಾಳೆ ಬೆಳಿಗ್ಗೆ ಬೀಗದಕೈ ನನ್ನ ಮೇಜಿನ ಮೇಲಿರಲಿ."

ಹೊಗೆಬಂಡಿ ಅವಳತ್ತ ನೋಡಿದ. ಬೇಡುವ ನೋಟವಲ್ಲ ಅದು. ಅಳತೆಯ ಕೋಲಿನತ್ತ ನೋಡುವ ಹಾಗೆ, ಇಷ್ಟು ಹೊತ್ತೂ ಸರಿಯಾಗಿ ಅಳೆದದ್ದು ಈಗ ಯಾಕೆ ಹೀಗೆ ಎನ್ನುವ ಹಾಗೆ ನೋಡಿದ. ಅವಳು ಕಡ್ಡಿಗಳನ್ನು ನೆಟ್ಟಗೆ ಮಾಡಿದಳು. ಅವನ ಹೆಸರಿನ ಕಡ್ಡಿ ಸ್ವಲ್ಪ ಓರೆಯಾಗಿತ್ತು. ತಣ್ಣನೆಯ ಕೋಣೆಯಲ್ಲೇ ಉಳಿದಿದ್ದರೆ ಅವನ ಗಿಡ ಹೀಗೆಯೇ ಹಸಿರಾಗಿರುತ್ತಿತ್ತು, ತನ್ನದರ ತುಂಬ ಚುಕ್ಕೆ ಎದ್ದಿರುತ್ತಿತ್ತು. ಅವನ ಮೇಲೆ ಬಿದ್ದ ಕಣ್ಣುಗಳನ್ನೆಲ್ಲ ಆ ಚುಕ್ಕೆಗಳು ತಮ್ಮತ್ತ ಎಳೆದುಕೊಂಡಿರುತ್ತಿದ್ದವು. ತಾನು ಮುಚ್ಚಿಟ್ಟದ್ದು ತನ್ನ ಚುಕ್ಕೆಯನ್ನು ಮಾತ್ರ ಅಂದುಕೊಂಡಿದ್ದಳು. ಯಾರಿಗೂ ಏನೂ ಆಗುವುದಿಲ್ಲ, ಯಾರ ಮೇಲೂ ಬರುವುದಿಲ್ಲ ಎಂದು. ಬೆಕ್ಕು ಕಣ್ಣುಮುಚ್ಚಿಕೊಂಡು ಹಾಲು ಕುಡಿಯುವ ಗಾದೆ ನೆನಪಾಗಿ, ತನ್ನ ಅಡ್ಡಹೆಸರಿಗೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನಿಸಿ, ನಗು ಬರಬೇಕಾದ ಜಾಗದಲ್ಲಿ ಆಕಳಿಕೆ ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ಹುಡುಗಿ ಅದನ್ನು ನೋಡಿದಳು. ಹೀಗೆಯೇ ಆಸ್ಪತ್ರೆಯ ಓಣಿಯಲ್ಲಿ, ಎಲ್ಲ ಮುಗಿಯಿತು ಎಂದು ಡಾಕ್ಟರು ಬಂದು ಹೇಳಿದಾಗಲೂ ಆಕಳಿಕೆ ಬಂದಿತ್ತು, ಚಿಕ್ಕಮ್ಮ ನೋಡಿದ್ದಳು.

ಸಂಜೆ ಗೂಡಿಗೆ ಹಾಕಬೇಕಾಗಿದ್ದ ಕುಂಡಗಳನ್ನು ಅವಳು ಹಾಕಲಿಲ್ಲ. ಏಪ್ರನ್ ಬಿಚ್ಚಿ ಗೂಟಕ್ಕೆ ಸಿಕ್ಕಿಸುವಾಗ ನೆನಪಾಯಿತು. ಚೀಲ ಹೆಗಲಿಗೇರಿಸುವಾಗ ಇನ್ನೊಮ್ಮೆ ನೆನಪಾಯಿತು. ತಣ್ಣನೆಯ ಕೋಣೆಯ ಬಾಗಿಲ ಮುಂದೆಯೇ ಹಾದುಹೋದಳು. ಮರೆತಳೋ, ಮರೆತವಳಂತೆ ಇದ್ದಳೋ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಅವಳ ಕೈ ಎಂದಿನಂತೆ ಚೀಲದೊಳಗಿನ ತಗಡಿನ ಡಬ್ಬಿಯನ್ನು ಹುಡುಕಿ, ಮುಚ್ಚಳ ತೆರೆದು, ಒಂದು ಸಿಗರೇಟನ್ನು ಹೊರತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹಗುರಾಗಿ ಹೊರಳಿಸತೊಡಗಿತು. ಹಚ್ಚುವ ಮುಂಚೆ ಹೀಗೆ ಹೊರಳಿಸಿ ಸಡಿಲ ಮಾಡಬೇಕು. ಗಡಿಯಾರ ರಿಪೇರಿಯ ಪುಟ್ಟ ಅಂಗಡಿಯಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ, ಕೆಲಸ ಮುಗಿದ ಗಡಿಯಾರ ಟಿಕಟಿಕ ಅನ್ನುವುದನ್ನು ಕೇಳುತ್ತ ಹೊರಳಿಸುತ್ತಿದ್ದ ಬೆರಳುಗಳು. ಉದುರಿದ ಪುಡಿಯನ್ನು ಅಂಗೈಯ ಅಂಚಿನಿಂದ ಗುಡಿಸಿ ಮೇಜಿನ ಕೆಳಗೆ ಬೀಳಿಸುತ್ತಿದ್ದ ರೀತಿ. ಅವಳು ಸೇದುತ್ತಿರಲಿಲ್ಲ. ಒಂದು ದಿನವೂ ಸೇದಿರಲಿಲ್ಲ. ಮನೆಯ ಬಾಗಿಲ ಹಿಂದೆ ತೂಗುತ್ತಿದ್ದ ಅವರ ಕೋಟನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಜೇಬು ತಡಕಿದಾಗ ಈ ಡಬ್ಬಿ ಸಿಕ್ಕಿತ್ತು. ಕೋಟನ್ನು ಕೊಡಲೂ ಇಲ್ಲ. ಡಬ್ಬಿ ಚೀಲಕ್ಕೆ ಬಂತು, ಚೀಲದಿಂದ ದಿನಕ್ಕೊಂದು ಸಿಗರೇಟು ಏಪ್ರನ್ನಿಗೆ ಬಂತು. ಮಧ್ಯಾಹ್ನ ಗಾಜಿನಮನೆಯ ಹಿಂದೆ ನಿಂತು ಅದನ್ನು ಹೊರಳಿಸುವಾಗ ಎದೆಯಲ್ಲಿ ಏನಾದರೂ ಕದಲೀತೆಂದು ಕಾಯುತ್ತಿದ್ದಳು. ವಾಸನೆ ಮೂಗಿಗೆ ಬರುತ್ತಿತ್ತು. ಅಲ್ಲಿಗೆ ನಿಲ್ಲುತ್ತಿತ್ತು.

ಆಸ್ಪತ್ರೆಯಲ್ಲಿ ಕೊನೆಯ ವಾರ ಅವರು ಕೇಳಿದ್ದು ಇಷ್ಟೇ. "ಒಂದು ತಂದುಕೊಡೇ. ಹಚ್ಚಲ್ಲ ಕಣೇ. ಸುಮ್ನೆ ಕೈಯಲ್ಲಿ ಇಟ್ಕೋತೀನಿ." ಬೆರಳುಗಳು ಹೊದಿಕೆಯ ಅಂಚನ್ನು ಹಿಡಿದು ಹೊರಳಿಸುತ್ತಿದ್ದವು. ಅವಳು ಅತ್ತಿತ್ತ ನೋಡಿದ್ದಳು, ನರ್ಸು ಕೇಳಿಸಿಕೊಂಡಳೇನೋ ಎಂದು. "ಇಲ್ಲಿ ಅದೆಲ್ಲ ಆಗಲ್ಲ ಅಪ್ಪ. ಇದೇನು ಮನೇನಾ?" ಎಂದಿದ್ದಳು, ಬೋಗುಣಿಯ ಬಳಿ ನಿಂತವಳ ದನಿಯಲ್ಲಿ. ಅವರು ಮತ್ತೆ ಕೇಳಲಿಲ್ಲ. ಹಟ ಮಾಡಿದ್ದರೆ ಚೆನ್ನಾಗಿತ್ತು. ಹೋಗಲಿ ಬಿಡು ಎನ್ನುವಂತೆ ಬೆರಳು ಆಡಿಸಿ ಗೋಡೆಯ ಕಡೆ ಹೊರಳಿದರು. ಆಮೇಲಿಂದ ಅವರನ್ನು ಕರೆಯುವ ಆ ಶಬ್ದ ಅವಳ ಬಾಯಿಂದ ಬಂದಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಸಂದರ್ಭ ಬಂದಾಗೆಲ್ಲ ಮನೇಲಿ ಹೀಗಾಯ್ತು ಅನ್ನುತ್ತಿದ್ದಳು, ಅವರು ಹೋದಮೇಲೆ ಅನ್ನುತ್ತಿದ್ದಳು, ಹೇಗೋ ಸುತ್ತಿಬಳಸಿ ದಾಟಿಕೊಳ್ಳುತ್ತಿದ್ದಳು.

ಮನೆಯಲ್ಲಿ ಚಿಕ್ಕಮ್ಮ ಬಂದು ಕೂತಿದ್ದಳು. ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಅವಳು ಒಳಗೆ ಬಂದದ್ದನ್ನು ಕಂಡೂ ಚಿಕ್ಕಮ್ಮ ಮಾತು ನಿಲ್ಲಿಸಲಿಲ್ಲ, ಬದಲಿಗೆ ಒಂದು ಸ್ವರ ಏರಿಸಿದಳು.

"ಕಲ್ಲಾದ್ರೂ ಬಿಸಿಲಿಗೆ ಕಾಯುತ್ತೆ, ಅಕ್ಕ. ನಿನ್ನ ಮಗಳು ಅದೂ ಇಲ್ಲ. ಹೆಗಲ ಮೇಲೆ ಹೊತ್ತು ಬೆಳೆಸಿದವರಿಗೆ ಒಂದು ಹನಿ ಕಣ್ಣೀರು ಬೇಡ್ವಾ?"

"ಸುಮ್ನಿರೇ. ಕೆಲವರಿಗೆ ಒಳಗೇ ಇರುತ್ತೆ."

"ಒಳಗಿದ್ರೆ ಒಂದು ದಿನ ಹೊರಗೂ ಬರಬೇಕಲ್ಲ! ಪಾತ್ರೆ ಅಂದಮೇಲೆ ಉಕ್ಕಬೇಕು."

"ನೀನು ಉಕ್ಕಿದ್ದೇ ಸಾಕು, ಆವತ್ತು ಬೀದಿಗೆಲ್ಲ ಕೇಳಿಸ್ತು" ಎಂದಳು ಅಮ್ಮ. ಚಿಕ್ಕಮ್ಮನಿಗೆ ನಗು ಬಂದುಬಿಟ್ಟಿತು, ಅಮ್ಮನಿಗೂ. ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕರು, ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು, ಅದನ್ನು ಅದೇ ಸೆರಗಿನಿಂದ ಒರೆಸಿಕೊಂಡರು. ಎಷ್ಟು ಸಲೀಸಾಗಿ ಅವರಿಗೆ ಒಂದರಿಂದ ಇನ್ನೊಂದಕ್ಕೆ ಹೋಗಲು ಬರುತ್ತದೆ ಎಂದು ಅವಳು ಬಾಗಿಲಿಗೆ ಒರಗಿ ನೋಡುತ್ತ ನಿಂತಳು. ಈಜು ಬಲ್ಲವರನ್ನು ದಡದಲ್ಲಿ ನಿಂತು ನೋಡುವ ಹಾಗೆ. "ಊಟ ಮಾಡ್ತೀಯೇನೇ?" ಎಂದಳು ಅಮ್ಮ. ಹೂಂ ಎಂದಳು. ತಟ್ಟೆಯ ಮುಂದೆ ಕೂತಾಗ ಹೊಗೆಬಂಡಿಯೂ ಈ ಹೊತ್ತಿಗೆ ಉಣ್ಣುತ್ತಿರಬಹುದು ಅನ್ನಿಸಿತು. ಮೊಮ್ಮಗಳು ತೊಡೆಯ ಮೇಲೆ ಇರಬಹುದು. ನಾಳೆಯಿಂದ ತಾತ ಮನೆಯಲ್ಲೇ ಇರುತ್ತಾನೆ ಎಂದು ಯಾರಾದರೂ ಅದಕ್ಕೆ ಹೇಳುತ್ತಿರಬಹುದು, ಅದು ಚಪ್ಪಾಳೆ ತಟ್ಟಬಹುದು. ಹೀಗೆ ಒಂದೊಂದೇ ಚಿತ್ರವನ್ನು ಜೋಡಿಸಿ ತನ್ನ ಮುಂದಿಟ್ಟುಕೊಂಡು, ಈಗಲಾದರೂ ಏನಾದರೂ ಆಗುತ್ತದೆಯೋ ಎಂದು ನೋಡಿದಳು. ಅನ್ನ ಉಪ್ಪಿಲ್ಲದ ಹಾಗಿತ್ತು. ಎಲ್ಲರೂ ಸರಿಯಾಗಿದೆ ಅಂದರು.

ಬೆಳಿಗ್ಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಮುಖ್ಯಸ್ಥರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಹೊಗೆಬಂಡಿಯ ದನಿ, ಬೀಗದಕೈಗಳ ಸದ್ದು. ಯಾವುದು ಯಾವ ಬಾಗಿಲಿನದೆಂದು ಒಂದೊಂದನ್ನೇ ತೋರಿಸಿ ಹೇಳುತ್ತಿದ್ದ. "ಇದು ಸ್ವಲ್ಪ ಮೊಂಡು ಸರ್, ಒಳಕ್ಕೆ ಒತ್ತಿ ಮೇಲಕ್ಕೆತ್ತಿ ತಿರುಗಿಸ್ಬೇಕು. ಹೊಸಬರಿಗೆ ಹೇಳಿ." ಅವಳು ಏಪ್ರನ್ ತೊಟ್ಟು ತಣ್ಣನೆಯ ಕೋಣೆಯ ಬಾಗಿಲು ತೆಗೆದಳು.

ಮೊದಲು ಕಂಡದ್ದು ಒಂದು ಖಾಲಿ ಜಾಗ. ಕುಂಡಗಳ ಸಾಲಿನಲ್ಲಿ ನಿನ್ನೆ ಎಲೆಯಿದ್ದ ಕಡೆ ಏನೂ ಇರಲಿಲ್ಲ, ಯಾರೋ ಗಿಡ ಕಿತ್ತುಕೊಂಡು ಹೋದಂತಿತ್ತು. ಹತ್ತಿರ ಹೋದಾಗ ಕಂಡಿತು. ಗಿಡ ಅಲ್ಲೇ ಇತ್ತು, ಕುಂಡದ ಅಂಚಿನ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿತ್ತು. ಎಲೆಗಳು ಬೇಯಿಸಿದ ಸೊಪ್ಪಿನ ಬಣ್ಣಕ್ಕೆ ತಿರುಗಿ ಸೊರಗಿದ್ದವು, ಕಾಂಡದ ಉದ್ದಕ್ಕೂ ಕಪ್ಪು ಗೆರೆ, ಕುಡಿಯೂ ಸತ್ತಿತ್ತು. ಅಕ್ಕಪಕ್ಕದ ಗಿಡಗಳೆಲ್ಲ ಹಸಿರಾಗಿ, ನೆಟ್ಟಗೆ, ಏನೂ ಆಗದವರಂತೆ ನಿಂತಿದ್ದವು, ಹೊಗೆಬಂಡಿಯದೂ. ಚುಕ್ಕೆಯ ಗಿಡ ಕೂಡ ತನ್ನ ಚುಕ್ಕೆಗಳನ್ನು ಹೊತ್ತುಕೊಂಡು ಹೊಸ ಎಲೆಯೊಂದನ್ನು ಬಿಡುತ್ತಿತ್ತು. ಬಿದ್ದ ಗಿಡದ ಬುಡದಲ್ಲಿ ಮಾತ್ರ ಕಡ್ಡಿ ನೆಟ್ಟಗಿತ್ತು, ಅವಳದೇ ಗುಂಡಗಿನ ಅಕ್ಷರದಲ್ಲಿ ಅವಳ ಹೆಸರು.

ಹೀಗಾಗುತ್ತದೆಂದು ಗೊತ್ತಿದ್ದವಳೇ ಅವಳು. ತಣ್ಣಗಾಗಿ ಎಚ್ಚೆತ್ತ ಗಿಡ ಮೈಯೆಲ್ಲ ವೈರಸ್ಸನ್ನೇ ಕಂಡು ಇಡೀ ಮೈಯನ್ನೇ ಸಾಯಿಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದಳು. ಆದರೂ ಕೂತುಕೊಳ್ಳಬೇಕೆನ್ನಿಸಿತು, ಕೂರಲು ಕುರ್ಚಿ ಇರಲಿಲ್ಲ. ಪಾಪದ ಗಿಡ. ಚುಕ್ಕೆಯಷ್ಟರಲ್ಲಿ ಮುಗಿಯಬೇಕಾಗಿದ್ದದ್ದು. ಬೆಚ್ಚಗೆ ಇಟ್ಟುಕೊಂಡು, ಏನೂ ಆಗಿಲ್ಲ ಏನೂ ಆಗಿಲ್ಲ ಎಂದು ಹಸಿರಾಗಿ ನಿಂತು. ಸುಡುವ ಗೂಡು ಓಣಿಯ ಆ ತುದಿಯಲ್ಲಿತ್ತು, ಮುಖ್ಯಸ್ಥರ ಕೋಣೆ ಈ ತುದಿಯಲ್ಲಿ. ಕುಂಡವನ್ನು ಎತ್ತಿಕೊಂಡಳು. ಎಷ್ಟು ಹಗುರ. ಬಾಗಿಲಲ್ಲಿ ನಿಂತು ಒಂದು ಗಳಿಗೆ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಗೂಡಿಗೆ ಹಾಕಿದರೆ ಮುಗಿಯಿತು, ಯಾರೂ ಕೇಳುವುದಿಲ್ಲ, ಹಾಲಿನಕ್ಕ ಸ್ವಚ್ಛ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಇಷ್ಟು ದಿನ ಆದ ಹಾಗೆಯೇ ಮುಂದೆಯೂ ಆಗುತ್ತದೆ, ಬಸ್ಸು ಬರುತ್ತದೆ, ಅನ್ನ ಸಪ್ಪೆಯಾಗಿರುತ್ತದೆ. "ಆಯ್ತು ಸರ್, ಹಾಗಾದ್ರೆ ನಾನು ಬರ್ತೀನಿ" ಎಂದು ಒಳಗಿನಿಂದ ಹೊಗೆಬಂಡಿಯ ದನಿ ಕೇಳಿಸಿತು.

ಅವಳು ಹೋಗಿ ಕುಂಡವನ್ನು ಮೇಜಿನ ಮೇಲೆ, ಬೀಗದಕೈ ಗೊಂಚಲಿನ ಪಕ್ಕ ಇಟ್ಟಳು.

"ಇದೇನಿದು?" ಮುಖ್ಯಸ್ಥರು ಕನ್ನಡಕ ತೆಗೆದರು.

"ನನ್ನ ಗಿಡ ಸರ್. ಕಡ್ಡಿ ನೋಡಿ."

"ನಿನ್ನೆ ಚೆನ್ನಾಗಿತ್ತಲ್ಲ! ನಾನೇ ನೋಡಿದ್ದೆ."

"ಬೆಚ್ಚನೆ ಕೋಣೇಲಿ ಇಟ್ಟಿದ್ದೆ. ಎಲ್ಲ ಕುಂಡಾನೂ. ನಿನ್ನೆ ಬೆಳಿಗ್ಗೆ, ನೀವು ಬರೋ ಮುಂಚೆ, ಇಲ್ಲಿಗೆ ತಂದೆ."

ಅದರ ಅರ್ಥವೇನೆಂದು ಮುಖ್ಯಸ್ಥರಿಗೆ ಹೇಳಬೇಕಾಗಿರಲಿಲ್ಲ. ಅವರು ಸತ್ತ ಎಲೆಯೊಂದನ್ನು ಪೆನ್ನಿನ ತುದಿಯಿಂದ ಎತ್ತಿದರು, ಅದು ಮತ್ತೆ ಬಿತ್ತು. ಹೊಗೆಬಂಡಿ ಬಾಗಿಲ ಬಳಿ ಹಾಗೇ ನಿಂತಿದ್ದ.

"ಉಳಿದವೆಲ್ಲ?"

"ಹಸಿರಾಗಿವೆ. ಇವರದೂ ಹಸಿರಾಗಿದೆ. ಇವತ್ತೇನು, ನಾಳೆ ನೋಡಿದ್ರೂ ಹಾಗೇ ಇರುತ್ತೆ."

"ನೀವು ಸಿಗರೇಟು ಸೇದ್ತೀರಾ?" ಮೆಲುದನಿ ಇನ್ನಷ್ಟು ಮೆಲ್ಲಗಾಗಿತ್ತು. ನಾಚಿಕೆ ಆಗಿದ್ದು ಅವರಿಗೆ.

"ಇಲ್ಲ." ಜೇಬಿಗೆ ಕೈ ಹಾಕಿ ಸಿಗರೇಟನ್ನು ತೆಗೆದು ಕುಂಡದ ಪಕ್ಕ ಇಟ್ಟಳು. ಹೊರಳಿಸಿ ಹೊರಳಿಸಿ ಕಾಗದ ಮಾಸಿತ್ತು, ಅರ್ಧ ಪುಡಿ ಉದುರಿಹೋಗಿ ಸಿಗರೇಟು ಸುಕ್ಕಾಗಿತ್ತು. ಒಂದಿಷ್ಟು ಪುಡಿ ಮೇಜಿನ ಮೇಲೂ ಬಿತ್ತು. ಅವಳ ಕೈ ತಾನಾಗಿ ಮುಂದೆ ಹೋಗಿ ಅಂಗೈಯ ಅಂಚಿನಿಂದ ಅದನ್ನು ಗುಡಿಸಹೊರಟು, ನಡುವೆ ನಿಂತಿತು.

"ಮತ್ತೆ ಇದು ಯಾರದು?"

ಸುತ್ತಿಬಳಸಿ ಹೋಗುವ ದಾರಿಗಳೆಲ್ಲ ಅವಳಿಗೆ ಗೊತ್ತಿದ್ದವು. ಮನೇಲಿತ್ತು ಅನ್ನಬಹುದಾಗಿತ್ತು. ಸಿಕ್ಕಿತು ಅನ್ನಬಹುದಾಗಿತ್ತು. ಬಾಯಿ ತೆರೆಯಲು ಹೋದಳು, ತುಟಿ ಎರಡೂ ಅಂಟಿಕೊಂಡಿದ್ದವು. ಆ ಶಬ್ದಕ್ಕೆ ತುಟಿ ಎರಡೂ ಕೂಡಬೇಕು, ಕೂಡಿ ಬಿಡಬೇಕು.

"ಅಪ್ಪಂದು" ಎಂದಳು.

ಮುಖ್ಯಸ್ಥರು ಕಿಟಕಿಯತ್ತ ನೋಡಿದರು. ಅವರೂ ಆ ಸಾವಿನ ದಿನ ಬಂದು ಅವಳ ಮನೆಯ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದವರೇ. ಹೊಗೆಬಂಡಿ ಮೇಜಿನ ಬಳಿ ಬಂದ, ಬಾಗಿ ಸಿಗರೇಟನ್ನು ನೋಡಿದ, ಮುಟ್ಟಲಿಲ್ಲ.

"ಹಚ್ಚೇ ಇಲ್ವಲ್ಲ ಇದನ್ನ" ಎಂದ.

ಅವಳು ತಲೆಯಾಡಿಸಿದಳು.

ಅವನು ಬಹಳ ಹೊತ್ತು ಅವಳ ಮುಖ ನೋಡಿದ. ಬೈಯಬಹುದು ಅಂದುಕೊಂಡಳು. ಬೈದರೆ ಕೇಳಿಸಿಕೊಳ್ಳಬಹುದಾಗಿತ್ತು. ಕ್ಷಮಿಸಿದಂಥ ಮುಖ ಅಲ್ಲ ಅವನದು, ಆಗಲಾರದು. ಒಂದು ಇಡೀ ರಾತ್ರಿ ಅವನು ಮನೆಯಲ್ಲಿ ಆ ಸುದ್ದಿಯ ಜೊತೆ ಕಳೆದಿದ್ದಾನೆ. ಬೀಗದಕೈ ಗೊಂಚಲನ್ನು ಅವನೂ ಎತ್ತಿಕೊಳ್ಳಲಿಲ್ಲ, ಮುಖ್ಯಸ್ಥರೂ ತಮ್ಮತ್ತ ಎಳೆದುಕೊಳ್ಳಲಿಲ್ಲ. ಸತ್ತ ಗಿಡದ ಪಕ್ಕ ಅದು ಹಾಗೇ ಬಿದ್ದಿತ್ತು.

"ಹೋಗಿ, ಕೈ ತೊಳ್ಕೊಂಡು ಬನ್ನಿ" ಎಂದ ಹೊಗೆಬಂಡಿ. ಹಾಲಿನಕ್ಕ ಅನ್ನಲಿಲ್ಲ.

ಅವಳು ಹೊರಗೆ ಬಂದು ಏಪ್ರನ್ ಬಿಚ್ಚಿ, ಜೇಬು ಒಳಗಾಗುವಂತೆ ಸುತ್ತಿ ಗೂಡಿನ ತೊಟ್ಟಿಗೆ ಹಾಕಿದಳು. ಗಾಜಿನಮನೆಯ ಬಾಗಿಲ ಬಳಿ ಬೋಗುಣಿ ಇತ್ತು. ಯಾರೋ ಆಗಲೇ ಹಾಲು ಕಲಸಿಟ್ಟಿದ್ದರು. ಬೀಗದಕೈ ಒಪ್ಪಿಸಲು ಹೋಗುವ ಮುಂಚೆ ಅವನೇ ಕಲಸಿಟ್ಟಿರಬೇಕು. ತೋಳು ಮಡಿಸಿ ಎರಡೂ ಕೈಗಳನ್ನು ಇಳಿಸಿದಳು. ಬೆರಳು ಮಸುಕಾದವು, ಕಾಣದೇ ಹೋದವು. ಒಂದು ಗಳಿಗೆ ಏನೂ ಇರಲಿಲ್ಲ. ಆಮೇಲೆ, ಎಲ್ಲೋ ಕೆಳಗಿನಿಂದ, ಉಗುರಿನ ಬುಡದಿಂದ, ತಣ್ಣಗೆ ಕೊರೆಯುತ್ತಿದೆ ಎಂದು ತಿಳಿಯತೊಡಗಿತು. ಬೆರಳಿನ ಗಂಟುಗಳವರೆಗೆ ಬಂತು, ಮಣಿಕಟ್ಟಿನವರೆಗೆ ಬಂತು, ಮೂಳೆ ನೋಯಿತು. ಅವಳು ಕೈ ತೆಗೆಯಲಿಲ್ಲ.